ಭಾನುವಾರದ ಕಾಗದ

ಸಂಜೆ ತನ್ನ ಅಪ್ಪನ ಬೈಕಿನಿಂದ ಇಳಿದ ಮಗಳು ಬ್ಯಾಗನ್ನು ಕೆಳಗಿಡುವ ಮೊದಲೇ ಸಣ್ಣದೊಂದು ಕವರನ್ನು ನನ್ನ ಕೈಗಿಟ್ಟಳು. ಒಳಗೆ ಅವಳದೇ ಪಾಸ್‌ಪೋರ್ಟ್ ಸೈಜಿನ ಆರು ಫೋಟೊ. ಎರಡೂ ಕಿವಿ ಕಾಣುವಂತೆ ಕೂದಲಿಗೆ ನೀರು ಹಚ್ಚಿ ಹಿಂದಕ್ಕೆ ಒತ್ತಿ ಬಾಚಿದ್ದರು. ಅದು ನಾನು ಬಾಚಿ ಕಳಿಸಿದ ತಲೆಯಲ್ಲ. ಕಾಲರಿನ ಒಂದು ತುದಿ ಒಳಕ್ಕೆ ಮಡಚಿಕೊಂಡಿತ್ತು, ಅದನ್ನು ಯಾರೂ ಗಮನಿಸಿರಲಿಲ್ಲ.

"ಚೆನ್ನಾಗಿ ಬಂದಿದೆ. ಯಾತಕ್ಕೆ ಇದು?" ಎಂದೆ.

"ಹಾಸ್ಟೆಲ್ ಸ್ಕೂಲಿಗೆ. ಸಿಕ್ಸ್ತ್‌ಗೆ ಅಲ್ಲಿಗೇ ತಾನೆ ನಾನು ಹೋಗೋದು? ಅಪ್ಪ ಹೇಳಿಲ್ವಾ ನಿಂಗೆ?"

"ಹೇಳಿದ್ರು," ಎಂದೆ.

ಹೇಳಿರಲಿಲ್ಲ. ಬೈಕನ್ನು ಹುಣಸೆಮರದ ಕೆಳಗೆ ನಿಲ್ಲಿಸಿ ಇವರು, ನನ್ನ ಗಂಡ, ನೇರವಾಗಿ ರೇಷ್ಮೆ ಹುಳುಮನೆಯ ಕಡೆ ಹೋಗುತ್ತಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬ್ಲೀಚಿಂಗ್ ನೀರಿನ ತಟ್ಟೆಯಲ್ಲಿ ಒಂದೊಂದೇ ಪಾದವನ್ನು ಅದ್ದಿ ಒಳಗೆ ನಡೆದರು. ಹಿಂದಿರುಗಿ ನೋಡಲಿಲ್ಲ. ಮಗಳು ಬೆಂಗಳೂರಿನ ಆಚೆ ಇರುವ ಆ ಶಾಲೆಯ ಬಗ್ಗೆ ಹೇಳುತ್ತಲೇ ಇದ್ದಳು. ಈಜುಕೊಳ ಇದೆಯಂತೆ, ಮಂಚದ ಮೇಲೆ ಮಂಚ ಇರುತ್ತದಂತೆ, ಮೇಲಿನ ಮಂಚ ಅವಳಿಗೇ ಬೇಕಂತೆ. ಫಾರಂ ಕೊಡಲು ಸೋಮವಾರ ಕೊನೆ. ಆವತ್ತು ಮಂಗಳವಾರ.

ತಕ್ಷಣ ಹೋಗಿ ಏನ್ರೀ ಇದು ಎಂದು ಕೇಳಬಹುದಿತ್ತು. ಕೇಳದೆ ಇರಲು ಎರಡು ಕಾರಣಗಳಿದ್ದವು.

ಒಂದು, ನಮ್ಮ ಮನೆಯ ಕಾನೂನು. ನಮ್ಮದು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಊರು. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ಮನೆಗೂ ತೋಟಕ್ಕೂ ನಡುವೆ ರೇಷ್ಮೆ ಹುಳು ಸಾಕುವ ಉದ್ದನೆಯ ಕಟ್ಟಡ. ಹುಳು ಬೆಳೆಯುವಾಗ ನಾಲ್ಕು ಸಲ ತಿನ್ನುವುದನ್ನು ಬಿಟ್ಟು, ತಲೆ ಎತ್ತಿ ಕದಲದೆ ಕೂತು, ಪೊರೆ ಕಳಚುತ್ತದೆ. ಇಲ್ಲಿ ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಏಳೆಂಟು ದಿನ ಅದಕ್ಕೆ ತಿನ್ನುವುದೊಂದೇ ಕೆಲಸ, ನಮಗೆ ಸೊಪ್ಪು ತಂದು ಹಾಕುವುದೊಂದೇ ಕೆಲಸ. ಆ ಏಳೆಂಟು ದಿನ ಮನೆಯಲ್ಲಿ ಯಾರೂ ಜಗಳ ಆಡುವಂತಿಲ್ಲ. ಇದು ಅತ್ತೆ ಮಾಡಿದ ಕಟ್ಟಳೆ. ಅವರು ಮದುವೆಯಾಗಿ ಬಂದ ಹೊಸದರಲ್ಲಿ ಮಾವನವರ ಜೊತೆ ಮಾತಿಗೆ ಮಾತು ಬೆಳೆದು, ನೀನು ತಾ ಎಂದು ಮಾವ, ನೀವೇ ತನ್ನಿ ಎಂದು ಅತ್ತೆ, ಒಂದು ಹೊತ್ತು ಹುಳುವಿಗೆ ಸೊಪ್ಪೇ ಬೀಳಲಿಲ್ಲವಂತೆ. ಆ ಬೆಳೆಯ ಗೂಡು ಬೆರಳಿನಲ್ಲಿ ಒತ್ತಿದರೆ ತಗ್ಗು ಬೀಳುವಷ್ಟು ತೆಳ್ಳಗಿತ್ತಂತೆ. "ಜಗಳ ಆಡಿದ ಕೈಲಿ ಸೊಪ್ಪು ಹಾಕ್ಬಾರ್ದು ಕಣಮ್ಮಾ. ಏನಿದ್ರೂ ಹುಳ ಚಂದ್ರಿಕೆ ಏರಿದ್ಮೇಲೆ ಆಡ್ಕೊಳ್ಳಿ," ಎಂದು ನಾನು ಈ ಮನೆಗೆ ಬಂದ ವರ್ಷವೇ ಹೇಳಿದ್ದರು. ಚಂದ್ರಿಕೆ ಎಂದರೆ ಹಣ್ಣಾದ ಹುಳು ಗೂಡು ಕಟ್ಟಲೆಂದು ಬಿಡುವ ತಟ್ಟೆ. ಈ ಸಲ ಹುಳು ಅದನ್ನು ಏರುವುದು ಭಾನುವಾರ. ಅಷ್ಟರವರೆಗೆ ಕಾದರೆ ನನಗೆ ಉಳಿಯುವುದು ಒಂದು ರಾತ್ರಿ.

ಎರಡನೆಯ ಕಾರಣ ನನ್ನದು. ಅದು ಅತ್ತೆಯ ಕಟ್ಟಳೆಗಿಂತ ಬಲವಾದದ್ದು.

ನನ್ನ ತವರು ಚಿಂತಾಮಣಿ. ಅಪ್ಪನಿಗೆ ಬಟ್ಟೆ ಅಂಗಡಿ ಇತ್ತು, ಇಂಗ್ಲಿಷ್ ಇರಲಿಲ್ಲ. ಮಗಳಿಗಾದರೂ ಇರಲಿ ಎಂದು ಒಂಬತ್ತನೇ ವಯಸ್ಸಿಗೆ ದೂರದ ಊರಿನ ಕಾನ್ವೆಂಟ್ ಹಾಸ್ಟೆಲಿಗೆ ಸೇರಿಸಿದರು. ಅಲ್ಲಿ ಭಾನುವಾರ ಚರ್ಚಿನ ಪೂಜೆ ಮುಗಿದು ತಿಂಡಿಯಾದ ಮೇಲೆ ಮನೆಗೆ ಕಾಗದ ಬರೆಯುವ ಗಂಟೆ. ಸ್ಟಡಿ ಹಾಲಿನಲ್ಲಿ ಐವತ್ತು ಹುಡುಗಿಯರು, ಒಬ್ಬೊಬ್ಬರಿಗೆ ಒಂದೊಂದು ನೀಲಿ ಇನ್‌ಲ್ಯಾಂಡ್. ಬರೆದಾದ ಮೇಲೆ ಅಂಟಿಸುವಂತಿಲ್ಲ, ತೆರೆದೇ ಕೊಡಬೇಕು. ವಾರ್ಡನ್ ಸಿಸ್ಟರ್ ಒಂದೊಂದನ್ನೂ ಓದುತ್ತಿದ್ದರು. ಅವರು ಕೆಟ್ಟವರಲ್ಲ. ಊಟ ಸೇರಲ್ಲ, ಬಂದು ಕರೆದುಕೊಂಡು ಹೋಗಿ ಎಂದು ಬರೆದವಳನ್ನು ಹತ್ತಿರ ಕರೆದು, ಅಪ್ಪ ಅಮ್ಮನಿಗೆ ಯಾಕಮ್ಮ ಸಂಕಟ ಕೊಡುತ್ತೀಯ ಎಂದು ತಲೆ ಸವರಿ, ಆ ಕಾಗದವನ್ನು ನಿಧಾನವಾಗಿ ನಾಲ್ಕಾಗಿ ಹರಿದು, ಇನ್ನೊಂದು ಇನ್‌ಲ್ಯಾಂಡ್ ಕೊಡುತ್ತಿದ್ದರು. ಎರಡನೆಯದರಲ್ಲಿ ಎಲ್ಲರೂ ಸಂತೋಷವಾಗಿರುತ್ತಿದ್ದರು. ನಾನು ಮೊದಲನೆಯದರಲ್ಲೇ ಸಂತೋಷವಾಗಿರಲು ಕಲಿತೆ. ಇಂಗ್ಲಿಷಿನಲ್ಲಿರುತ್ತಿದ್ದ ಆ ಕಾಗದವನ್ನು ಅಪ್ಪ ಪಕ್ಕದ ಔಷಧಿ ಅಂಗಡಿಯವರ ಕೈಲಿ ಓದಿಸುತ್ತಿದ್ದರು. ಮಗಳು ಸುಖವಾಗಿದ್ದಾಳೆ ಎಂದು ಆ ಸಾಲಿನ ಅಂಗಡಿಗಳಿಗೆಲ್ಲ ಗೊತ್ತಾಗುತ್ತಿತ್ತು.

ನಾನು ಸುಖವಾಗಿರಲಿಲ್ಲ. ಮನೆ ಬಿಟ್ಟ ಮೊದಲ ತಿಂಗಳಿನಿಂದಲೇ ನನಗೆ ನಿದ್ದೆಯಲ್ಲಿ ಹಾಸಿಗೆ ಒದ್ದೆಯಾಗತೊಡಗಿತು. ಹಾಗಾದವರು ಬೆಳಗಿನ ಪ್ರಾರ್ಥನೆಗೆ ಮುಂಚೆ ತಮ್ಮ ಹಾಸಿಗೆಯನ್ನು ತಾವೇ ತಲೆಯ ಮೇಲೆ ಹೊತ್ತು, ಹುಡುಗಿಯರು ಸಾಲಾಗಿ ನಿಂತಿರುವ ಕಾರಿಡಾರನ್ನು ಹಾದು, ತಾರಸಿಗೆ ಒಯ್ದು ಬಿಸಿಲಿಗೆ ಹಾಕಬೇಕು. ಯಾರೂ ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಸಾಲು ಮಾತ್ರ ಒಮ್ಮೆಲೇ ಸುಮ್ಮನಾಗುತ್ತಿತ್ತು. ಹೀಗೆ ಎರಡು ವರ್ಷ.

ಇದನ್ನು ನಾನು ಯಾರಿಗೂ ಹೇಳಿಲ್ಲ. ಅಪ್ಪ ಅಮ್ಮನಿಗಿಲ್ಲ, ಮದುವೆಯಾಗಿ ಹನ್ನೆರಡು ವರ್ಷವಾದರೂ ಇವರಿಗಿಲ್ಲ. ಮಗಳಿಗೆ ಹಾಸ್ಟೆಲಿನ ಕಥೆ ಬೇಕು ಎಂದಾಗ ಕ್ರಿಸ್‌ಮಸ್ ಕೇಕಿನ ಕಥೆ ಹೇಳಿದ್ದೆ, ಹಾಡು ಕಲಿಸುತ್ತಿದ್ದ ಮುದುಕಿ ಸಿಸ್ಟರ್ ಪಿಯಾನೊ ಮುಂದೆ ಕೂತೇ ತೂಕಡಿಸುತ್ತಿದ್ದ ಕಥೆ ಹೇಳಿದ್ದೆ. ಬೆಳಿಗ್ಗೆ ತಾರಸಿಯ ಮೇಲೆ ನಿಂತರೆ ಎದುರಿನ ಬೆಟ್ಟದ ಮೇಲೆ ಮೋಡ ಕೂತಿರುವುದು ಕಾಣುತ್ತಿತ್ತು ಎಂದೂ ಹೇಳಿದ್ದೆ. ಮೋಡ ಕಂಡದ್ದು ನಿಜ. ಅಷ್ಟು ಹೊತ್ತಿಗೆ ನಾನು ಅಲ್ಲಿ ಯಾಕಿದ್ದೆ ಎಂಬುದನ್ನು ಬಿಟ್ಟಿದ್ದೆ.

ಬುಧವಾರ ಮಧ್ಯಾಹ್ನ ಹುಳುವಿಗೆ ಸೊಪ್ಪು ಹಾಕಿ ಬಂದ ಇವರು ಜಗಲಿಯ ಮೇಲೆ ಕೂತು ಫಾರಂ ತೆಗೆದರು. ಹಿಪ್ಪುನೇರಳೆಯ ಹಾಲು ಒಣಗಿ ಹೆಬ್ಬೆರಳು ಕಪ್ಪಾಗಿತ್ತು. ಕಾಗದಕ್ಕೆ ಕಲೆಯಾಗಬಾರದೆಂದು ಅಂಗೈಯ ಬದಿಯಿಂದ ಅದನ್ನು ನನ್ನ ಕಡೆ ತಳ್ಳಿದರು. ಎಲ್ಲಾ ತುಂಬಿದ ಮೇಲೆ ಹೇಳೋಣ ಅಂತಿದ್ದೆ, ಪಾಪು ಕೆಡಿಸಿಬಿಟ್ಟಳು ಎಂದು ನಕ್ಕರು. ಹಬ್ಬಕ್ಕೆ ಸೀರೆ ತಂದು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡವರ ಮುಖ.

"ಇಷ್ಟು ಬೇಗ ಕಳಿಸ್ಬೇಕಾ?" ಎಂದೆ. ನನ್ನ ಮಟ್ಟಿಗೆ ಅದು ದೊಡ್ಡ ತಕರಾರು.

"ತಾಯಿ ಅಂದ್ಮೇಲೆ ಹಂಗೆ ಅನ್ಸುತ್ತೆ. ನಿಮ್ಮಮ್ಮಂಗೂ ಅನ್ಸಿರುತ್ತೆ. ಕಳಿಸ್ಲಿಲ್ವಾ? ನೀನು ಹಾಸ್ಟೆಲ್ಲಲ್ಲಿ ಬೆಳೆದಿದ್ದಕ್ಕೇ ಇಷ್ಟು ನಯವಾಗಿರೋದು. ಈ ಮನೇಲಿ ಒಬ್ಬರಿಗೂ ನಿನ್ನಂಗೆ ಮಾತಾಡೋಕೆ ಬರಲ್ಲ. ನಮ್ಮ ಮಗೂನೂ ನಿನ್ ಥರಾನೇ ಆಗ್ಲಿ ಅಂತ."

ನನ್ನನ್ನು ಮೆಚ್ಚಿಯೇ ಅವರು ಮಗಳನ್ನು ಕಳಿಸಲು ಹೊರಟಿದ್ದರು. ಅವರು ಮೆಚ್ಚಿದ ನಯ ಎಲ್ಲಿಂದ ಬಂತು ಎಂದು ಹೇಳಿದರೆ ಆ ಮೆಚ್ಚುಗೆ ಉಳಿಯುತ್ತದೆಯೇ ಎಂಬ ಭಯವೂ ಇತ್ತು. ಅದನ್ನು ಮುಚ್ಚಿಡುವುದಿಲ್ಲ.

ಫಾರಮಿನ ಕೊನೆಯ ಪುಟದಲ್ಲಿ ಐದು ಗೆರೆಗಳ ಖಾಲಿ ಜಾಗವಿತ್ತು. ವಸತಿ ಶಾಲೆಯ ಬಗ್ಗೆ ತಾಯಿ ತನ್ನ ಮಾತಿನಲ್ಲೇ ಅಭಿಪ್ರಾಯ ಬರೆಯಬೇಕಂತೆ. "ನಿನ್ನ ಇಂಗ್ಲಿಷ್ ನೋಡಿದ್ರೆ ಅವರಿಗೇ ಗೊತ್ತಾಗುತ್ತೆ, ನೀನೇ ಬರಿ," ಎಂದು ಹೇಳಿ ಇವರು ಸೊಪ್ಪು ಕೊಯ್ಯಲು ಹೋದರು.

ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡೆ. ಒಲೆಯ ಮೇಲೆ ಮುದ್ದೆಗೆ ಎಸರು ಕುದಿಯುತ್ತಿತ್ತು. ನಾನು ಬರೆಯಬೇಕೆಂದುಕೊಂಡದ್ದು ಬೇರೆ. ಮಗು ಇನ್ನೂ ಸಣ್ಣದು, ಒಂದೆರಡು ವರ್ಷ ಕಳೆಯಲಿ ಎಂದು ಮೆತ್ತಗೆ ಬರೆಯೋಣ, ಓದಿದ ಇವರಿಗೆ ಅರ್ಥವಾಗುತ್ತದೆ ಎಂದುಕೊಂಡಿದ್ದೆ. ಪೆನ್ನು ಹಿಡಿದೆ. ಕೈ ತಾನಾಗಿಯೇ ಓಡಿತು. ವಸತಿ ಶಾಲೆಯಲ್ಲಿ ನನ್ನ ಬಾಲ್ಯ ಆನಂದವಾಗಿ ಕಳೆಯಿತು, ಶಿಸ್ತು ಮತ್ತು ಪ್ರೀತಿ ಎರಡೂ ಸಿಕ್ಕವು, ಗೆಳತಿಯರು ಸಿಕ್ಕರು, ಮನೆಯ ನೆನಪು ಬಂದರೂ ಅಳು ಬರುತ್ತಿರಲಿಲ್ಲ, ನನ್ನ ಮಗಳಿಗೂ ಅದೇ ಸಿಗಲಿ. ಎಲ್ಲ ಅಕ್ಷರಗಳೂ ಬಲಕ್ಕೆ ಒಂದೇ ಸಮನಾಗಿ ವಾಲಿದ್ದವು. ಒಂದು ಕಡೆಯೂ ಹೊಡೆದು ಹಾಕಿರಲಿಲ್ಲ. ಐದು ಗೆರೆಗೆ ಸರಿಯಾಗಿ ಐದು ಸಾಲು.

ಓದಿ ನೋಡಿದೆ. ಅದು ಭಾನುವಾರದ ಕಾಗದ. ಮೂವತ್ತು ದಾಟಿ ಎಷ್ಟೋ ವರ್ಷವಾದ ಹೆಂಗಸು ಅದನ್ನು ಯಾರೂ ಕಾಯದ ಅಡುಗೆಮನೆಯಲ್ಲಿ ನಿಂತು ಬರೆದಿದ್ದಳು. ಎಸರು ಉಕ್ಕಿ ಒಲೆ ಆರಿತು. ಹರಿಯೋಣವೆಂದರೆ ಅವರ ಬಳಿ ಇರುವ ಫಾರಂ ಅದೊಂದೇ. ಫ್ರಿಜ್ಜಿನ ಮೇಲೆ ಇಟ್ಟು ಬಂದೆ.

ಗುರುವಾರ ಅದನ್ನು ಇವರು ಅತ್ತೆಯ ಮುಂದೆ ಓದಿದರು. ಒಂದು ಸಾಲು ಇಂಗ್ಲಿಷಿನಲ್ಲಿ ಓದಿ, ಅದನ್ನೇ ಕನ್ನಡದಲ್ಲಿ ಬಿಡಿಸಿ ಹೇಳಿ, ಮುಂದಿನ ಸಾಲು. ಅತ್ತೆ ಸಂತೋಷವಾದರೆ ತೆಲುಗಿಗೆ ಹೊರಳುತ್ತಾರೆ. "ಎಂತ ಬಾಗಾ ರಾಶಾವಮ್ಮಾ," ಎಂದರು, ಎಷ್ಟು ಚೆನ್ನಾಗಿ ಬರೆದಿದ್ದೀಯಮ್ಮಾ ಎಂದು. ನಾನು ಬಾಗಿಲಿಗೆ ಒರಗಿ ನಗುತ್ತಾ ನಿಂತಿದ್ದೆ. ಆ ನಗುವನ್ನು ತೆಗೆಯಲು ನನಗೆ ಬರಲಿಲ್ಲ.

ಆದರೆ ಆವತ್ತು ಮಧ್ಯಾಹ್ನ ನಾನು ಊಟ ಮಾಡಲಿಲ್ಲ. ಅತ್ತೆ ನನ್ನ ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು. ಏನೋ ಇದೆ ನಿನ್ನ ಹೊಟ್ಟೆಯಲ್ಲಿ, ಭಾನುವಾರದ ತನಕ ಹಿಡಿದುಕೊ ಎಂದರು. ಹಿಡಿದುಕೊಳ್ಳುವುದರಲ್ಲಿ ನಾನು ಪಳಗಿದವಳು ಎಂದು ಅವರಿಗೆ ಗೊತ್ತಿರಲಿಲ್ಲ.

ಶುಕ್ರವಾರ ಬೆಳಗಿನ ಐದು ಗಂಟೆಯ ಸೊಪ್ಪು ಹಾಕುವುದು ನಾವಿಬ್ಬರೇ. ಹುಳುಮನೆಯೊಳಗೆ ಕಬ್ಬಿಣದ ಸ್ಟ್ಯಾಂಡಿನಲ್ಲಿ ಒಂದರ ಮೇಲೊಂದು ಅಂತಸ್ತು. ಆ ಕಡೆಯಿಂದ ಅವರು, ಈ ಕಡೆಯಿಂದ ನಾನು ರೆಂಬೆಗಳನ್ನು ಹಾಸುತ್ತಾ ಹೋಗುತ್ತೇವೆ. ನಡುವೆ ಹುಳು, ಸೊಪ್ಪು, ಬಲೆ. ಅಂತಸ್ತುಗಳ ಸಂದಿಯಲ್ಲಿ ನನಗೆ ಅವರ ಕೈ ಮಾತ್ರ ಕಾಣುತ್ತದೆ. ಹುಳು ತಿನ್ನುವ ಸದ್ದನ್ನು ಕೆಲವರು ಸಣ್ಣ ಮಳೆಗೆ ಹೋಲಿಸುತ್ತಾರೆ. ನನಗೆ ಅದು ಯಾವಾಗಲೂ ಐವತ್ತು ಹುಡುಗಿಯರು ಒಟ್ಟಿಗೆ ಪೆನ್ಸಿಲಿನಲ್ಲಿ ಬರೆಯುವ ಸದ್ದು.

"ರೀ," ಎಂದೆ. "ಫಾರಂನಲ್ಲಿ ನಾನು ಬರ್ದಿರೋದು ಸುಳ್ಳು."

ಕೈ ರೆಂಬೆ ಹಾಸುತ್ತಲೇ ಇತ್ತು. "ಯಾವ್ದು?"

"ಐದೂ ಸಾಲು."

ಆಮೇಲೆ ಹೇಳಿದೆ. ಹಾಸಿಗೆ, ಕಾರಿಡಾರು, ತಾರಸಿ. ಹರಿದ ಇನ್‌ಲ್ಯಾಂಡು. ಔಷಧಿ ಅಂಗಡಿಯಲ್ಲಿ ಹೆಮ್ಮೆಯಿಂದ ಕೇಳಿಸಿಕೊಳ್ಳುತ್ತಿದ್ದ ಅಪ್ಪ. ಅಳಲಿಲ್ಲ, ದನಿ ಏರಿಸಲಿಲ್ಲ. ತಿಂಗಳ ಸಾಮಾನಿನ ಪಟ್ಟಿ ಓದಿದ ಹಾಗೆ ಓದಿದೆ. ಅವರ ಮುಖ ಕಾಣುತ್ತಿದ್ದರೆ ಅರ್ಧಕ್ಕೇ ನಿಲ್ಲಿಸಿ, ಹೋಗಲಿ ಬಿಡಿ ಎನ್ನುತ್ತಿದ್ದೆನೇನೋ. ಕೈಗಳು ನಿಂತಿದ್ದವು. ಒಂದು ಹುಳು ಅವರ ಬೆರಳಿನ ಮೇಲೆ ಹತ್ತಿ ತಲೆ ಎತ್ತಿತು. ಅವರು ಅದನ್ನು ತೆಗೆಯಲಿಲ್ಲ.

"ಎರಡು ವರ್ಷಾನಾ?"

"ಹೂಂ."

"ನಿಮ್ಮಪ್ಪಂಗೆ?"

"ಇವತ್ತಿಗೂ ಗೊತ್ತಿಲ್ಲ."

ಈಗ ಅವರು ಸ್ಟ್ಯಾಂಡನ್ನು ಸುತ್ತಿಕೊಂಡು ನನ್ನ ಕಡೆ ಬರುತ್ತಾರೆ ಎಂದು ನಾನು ಎಣಿಸಿದ್ದೆ. ಬಂದು ಏನಾದರೂ ಹೇಳುತ್ತಾರೆ, ಹೇಳದಿದ್ದರೂ ಪಕ್ಕದಲ್ಲಿ ನಿಲ್ಲುತ್ತಾರೆ. ಅವರು ಬರಲಿಲ್ಲ.

"ನಿನ್ನೆ ನಾನು ಅಮ್ಮನ ಮುಂದೆ ಓದ್ತಿದ್ದಾಗ ನಗ್ತಾ ನಿಂತಿದ್ದೆಯಲ್ಲ," ಎಂದರು. ದನಿ ಮೆತ್ತಗಿತ್ತು, ಅದಕ್ಕೇ ಹೆಚ್ಚು ಚುಚ್ಚಿತು. "ನೋಡಿದೋರು ಯಾರೂ ಸುಳ್ಳು ಅನ್ನಲ್ಲ. ಹನ್ನೆರಡು ವರ್ಷದಿಂದ ನಂಗೆ ಇನ್ನೂ ಏನೇನು ಹಿಂಗೆ ಬರ್ಕೊಟ್ಟಿದ್ದೀಯ?"

ನಾನು ಇನ್ನೊಂದು ರೆಂಬೆ ಎತ್ತಿ ಹಾಸಿದೆ.

"ಹೆಣ್ಣು ನೋಡೋಕೆ ಬಂದಾಗ ಹಿತ್ತಲಲ್ಲಿ ನಿನ್ನ ಕೇಳಿದ್ದೆ. ಯಾರೂ ಕೇಳಲ್ಲ, ನಾನು ಕೇಳಿದ್ದೆ. ಇಷ್ಟ ಇದೆ ಅಂದೆ. ಅದೂ ಇಂಥದ್ದೇನಾ?"

ಇಲ್ಲ ರೀ, ಅದು ನಿಜವಾಗಿಯೂ ಹೇಳಿದ್ದು ಎಂಬ ಮಾತು ನಾಲಗೆಯ ತುದಿಯಲ್ಲಿ ತಯಾರಾಗಿತ್ತು. ಹೊಡೆದು ಹಾಕದೆ, ತಿದ್ದದೆ, ಒಂದೇ ಸಾಲಿನಲ್ಲಿ. ಹಾಗೆ ಹೇಳಿದ್ದರೆ ಆ ಬೆಳಗು ಅಲ್ಲಿಗೇ ತಣ್ಣಗಾಗುತ್ತಿತ್ತು. ಮಗಳಿಗಾಗಿ ನಾನು ಹೇಳಿದ್ದೂ ಅದರ ಜೊತೆಗೇ ತಣ್ಣಗಾಗುತ್ತಿತ್ತು.

"ಹೌದು," ಎಂದೆ. "ಅಪ್ಪ ಬಾಗಿಲ ಹತ್ರ ನಿಂತಿದ್ರು. ಇಷ್ಟ ಅಂದ್ಬಿಟ್ಟೆ. ನಿಮ್ಮ ಮುಖಾನೂ ಸರಿಯಾಗಿ ನೋಡಿರ್ಲಿಲ್ಲ. ಇಷ್ಟ ಆಗಿದ್ದು ಆಮೇಲೆ."

"ಆಮೇಲೆ ಅಂದ್ರೆ ಯಾವಾಗ?"

"ಗೊತ್ತಿಲ್ಲ. ಒಂದೇ ದಿನ ಆಗಿದ್ದಲ್ಲ."

ಅವರು ಬೆರಳಿನ ಮೇಲಿದ್ದ ಹುಳುವನ್ನು ಎಲೆಯ ಮೇಲೆ ಬಿಟ್ಟರು. ತಮ್ಮ ಕಡೆಯ ಸಾಲನ್ನು ಕೊನೆಯವರೆಗೆ ಹಾಸಿ ಮುಗಿಸಿದರು, ಒಂದು ರೆಂಬೆಯೂ ಹೆಚ್ಚುಕಡಿಮೆಯಾಗದಂತೆ. ಹೊರಗೆ ಹೋದರು.

ಅವತ್ತಿಡೀ ನನ್ನ ಜೊತೆ ಮಾತಿಲ್ಲ. ಬೇಕಾದದ್ದನ್ನೆಲ್ಲ ಅತ್ತೆಯ ಮೂಲಕ ಹೇಳಿ ಕಳಿಸಿದರು. ಕಾಫಿ ಬೇಕಂತೆ, ಟವೆಲ್ ಎಲ್ಲಿದೆಯಂತೆ. ಮೂರನೇ ಸಲಕ್ಕೆ ಅತ್ತೆ ತಿರುಗಿಬಿದ್ದರು. "ನಾನೇನು ನಿಮ್ಮಿಬ್ಬರ ಮಧ್ಯ ಪೋಸ್ಟ್‌ಮ್ಯಾನಾ? ಹತ್ತು ಮಾರು ದೂರದಲ್ಲಿ ಕೂತವ್ಳೆ, ಕಾಲಿಲ್ವಾ ನಿಂಗೆ?" ಇವರು ಎದ್ದು ತಾವೇ ಟವೆಲ್ ಹುಡುಕಿಕೊಂಡರು. ಸಂಜೆ ಫ್ರಿಜ್ಜಿನ ಮೇಲೆ ನೋಡಿದೆ, ಫಾರಂ ಇರಲಿಲ್ಲ. ಗೂಟಕ್ಕೆ ನೇತುಹಾಕಿದ ಇವರ ಅಂಗಿಯ ಜೇಬಿನಿಂದ ಅದರ ತುದಿ ಹೊರಗೆ ಕಾಣುತ್ತಿತ್ತು. ಶನಿವಾರವೇ ಹೋಗಿ ಕೊಟ್ಟು ಬಂದುಬಿಟ್ಟರೆ ಏನು ಗತಿ ಎಂದುಕೊಂಡೆ. ಕೇಳಲು ಬಾಯಿ ಬರಲಿಲ್ಲ. ಅಷ್ಟೆಲ್ಲ ಹೇಳಿದ ಮೇಲೂ ಬರಲಿಲ್ಲ.

ಶನಿವಾರ ಅವರು ಎಲ್ಲಿಗೂ ಹೋಗಲಿಲ್ಲ. ತೋಟದಲ್ಲಿ ಅಕ್ಕಪಕ್ಕದ ಸಾಲಿನಲ್ಲಿ ರೆಂಬೆ ಕೊಯ್ಯುತ್ತಿದ್ದೆವು. ಬಹಳ ಹೊತ್ತಾದ ಮೇಲೆ, ಕುಡುಗೋಲು ನಿಲ್ಲಿಸದೆ ಕೇಳಿದರು.

"ಆ ಹಸಿರು ಸೀರೆ?"

"ಯಾವ್ದು?"

"ನಾನು ತಂದಿದ್ದು. ಇಷ್ಟ ಅಂದಿದ್ದೆಯಲ್ಲ."

"ಇಷ್ಟ ಆಗ್ಲಿಲ್ಲ. ಜರಿ ಚುಚ್ಚುತ್ತೆ."

"ಪ್ರತಿ ಮದುವೇಗೂ ಅದನ್ನೇ ಉಡ್ತೀಯಲ್ಲೇ."

"ನೀವು ನೋಡ್ತೀರಿ ಅಂತ."

ಎರಡು ಗಿಡ ಮುಂದೆ ಹೋದೆವು. "ಪಾಪು ಹುಟ್ಟಿದ ವರ್ಷ ನಾನು ಚಿಂತಾಮಣಿಗೆ ಹಬ್ಬಕ್ಕೆ ಬರಲ್ಲ ಅಂದಾಗ ಪರವಾಗಿಲ್ಲ ಅಂದೆ."

"ಬಚ್ಚಲಿಗೆ ಹೋಗಿ ಅತ್ತಿದ್ದೆ."

"ನಾನು ಗೊರಕೆ ಹೊಡಿಯಲ್ಲ ಅಂತೀಯ."

"ಹೊಡೀತೀರಿ. ಜೋರಾಗಿ."

ನಗು ಬರಬೇಕಾದ ಜಾಗ ಅದು. ಇಬ್ಬರೂ ನಗಲಿಲ್ಲ. ಅವರು ಸೊಂಟ ನೆಟ್ಟಗೆ ಮಾಡಿ ನಿಂತರು. ಮೂಗಿನ ಮೇಲೆ ಬೆವರಿತ್ತು, ಅದರ ಮೇಲೆ ಎಲೆಯ ಚೂರೊಂದು ಅಂಟಿತ್ತು.

"ನೋಡು, ನೀನು ಬೈದಿದ್ರೆ ನಂಗೆ ಎಷ್ಟೋ ಚೆನ್ನಾಗಿರ್ತಿತ್ತು. ಕೇಳಿದ್ರೂ ಹೂಂ ಅಂತೀಯ, ಕೇಳದೆ ಮಾಡಿದ್ರೂ ಹೂಂ ಅಂತೀಯ. ಬರ್ತಾ ಬರ್ತಾ ಕೇಳೋದನ್ನೇ ಬಿಟ್ಬಿಟ್ಟೆ. ಸ್ಕೂಲು ನೋಡೋಕೆ ಹೋಗ್ವಾಗ ನಿನ್ನ ಕರ್ಕೊಂಡ್ ಹೋಗಣ ಅಂತ ತಲೇಗೇ ಬರ್ಲಿಲ್ಲ. ತಪ್ಪು ನಂದೇ. ಆದ್ರೆ ನಂದೊಂದೇ ಅಲ್ಲ."

ಅದು ನಿಜವಾಗಿತ್ತು. ನಿಜವಾದ್ದರಿಂದಲೇ ನನಗೆ ಸಿಟ್ಟು ಬಂತು. ಮಗಳ ವಿಷಯವನ್ನು ನನಗೆ ಹೇಳದೆ ನಿರ್ಧರಿಸಿದವರು ಅವರು, ಕೊನೆಗೆ ಲೆಕ್ಕ ಒಪ್ಪಿಸುತ್ತಿರುವವಳು ನಾನು. ಹಾಗೆಂದು ಹೇಳಿದೆ ಕೂಡ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ತೋಟದ ಅಂಚಿನಲ್ಲಿ ಕಂತೆ ಕಟ್ಟುತ್ತಿದ್ದ ಅತ್ತೆ ತಲೆ ಎತ್ತಿ ನಮ್ಮ ಕಡೆ ನೋಡಿದರು. ಕಟ್ಟಳೆಯ ಮಾತು ತೆಗೆಯಲಿಲ್ಲ. ಕಂತೆಯನ್ನು ತಲೆಯ ಮೇಲೆ ಹೊತ್ತು ತಾವೊಬ್ಬರೇ ಹುಳುಮನೆಯ ಕಡೆ ಹೊರಟರು. ಇವರು ಮುಂದಿನ ಗಿಡಕ್ಕೆ ಬಾಗಿದರು. ಫಾರಮಿನ ಮಾತು ಇಬ್ಬರೂ ಎತ್ತಲಿಲ್ಲ.

ಭಾನುವಾರ ಹುಳು ಹಣ್ಣಾಯಿತು. ತಿನ್ನುವುದನ್ನು ಬಿಟ್ಟು ಮೈಯೆಲ್ಲ ದ್ರಾಕ್ಷಿಯ ಹಾಗೆ ತಿಳಿಯಾಗಿ ದಾರಿ ಹುಡುಕುತ್ತಿರುತ್ತದೆ. ಅಂಥವನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ನಾವು ನಾಲ್ಕೂ ಜನ ಕೂತಿದ್ದೆವು. ಮಗಳ ಕಣ್ಣು ಚುರುಕು, ನಮಗಿಂತ ಬೇಗ ಆರಿಸುತ್ತಾಳೆ. ಹಾಸ್ಟೆಲ್ಲಿಗೆ ಹೋದ ಮೇಲೆ ಇದನ್ನು ಯಾರು ಮಾಡ್ತಾರೆ ಅಜ್ಜಿ ಎಂದು ಕೇಳಿದಳು. ಅತ್ತೆ ಇನ್ನೊಂದು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಇವರು ಕೈಯಲ್ಲಿದ್ದ ಹುಳುಗಳನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ನಾಳೆ ಫಾರಂ ಕೊಡ್ಲಾ, ಬೇಡ್ವಾ?" ಎಂದರು. "ನಂಗೆ ಇವತ್ತಿಗೂ ಕಳಿಸ್ಬೇಕು ಅಂತ್ಲೇ ಇದೆ. ಸ್ಕೂಲ್ ನೋಡಿದ್ದೀನಿ, ಚೆನ್ನಾಗಿದೆ. ನಿಂಗಾದಂಗೆ ಇವಳಿಗೂ ಆಗುತ್ತೆ ಅಂತ ಏನಿಲ್ಲ. ಆದ್ರೆ ನೀನು ಬೇಡ ಅಂದ್ರೆ ಕೊಡಲ್ಲ. ನಿಮ್ಮಿಷ್ಟ ಅನ್ಬೇಡ. ಬಾಯ್ಬಿಟ್ಟು ಹೇಳು."

ನಾನು ಹೇಳಲು ಹೊರಟದ್ದು ಅದನ್ನೇ, ನಿಮ್ಮಿಷ್ಟ ಎಂದು. ಅವರು ಆ ದಾರಿಯನ್ನು ಮೊದಲೇ ಮುಚ್ಚಿದ್ದರು. ಮಗಳು ನನ್ನನ್ನೇ ನೋಡುತ್ತಿದ್ದಳು. ನಾನು ಏನು ಹೇಳುತ್ತೇನೆ ಎಂದು ಅವಳಿಗೆ ಗೊತ್ತೇ ಇತ್ತು. ಅಮ್ಮ ಯಾವತ್ತೂ ಇಲ್ಲ ಎಂದವಳಲ್ಲ.

"ಬೇಡ," ಎಂದೆ.

"ಯಾಕೆ?" ಎಂದಳು ಮಗಳು. "ನೀನೇ ಹೇಳಿದ್ದೆ, ಎಷ್ಟು ಚೆನ್ನಾಗಿತ್ತು ಅಂತ."

ಅವಳಿಗೂ ಹೇಳಿದೆ. ಇವರಿಗೆ ಹೇಳಿದಷ್ಟು ಉದ್ದ ಹೇಳಲಿಲ್ಲ. ಚೆನ್ನಾಗಿರಲಿಲ್ಲ, ರಾತ್ರಿ ಹಾಸಿಗೆ ಒದ್ದೆಯಾಗುತ್ತಿತ್ತು, ಎಲ್ಲರ ಮುಂದೆ ಅದನ್ನು ಹೊತ್ತುಕೊಂಡು ಹೋಗಬೇಕಿತ್ತು, ನಾಚಿಕೆಯಾಗಿ ಯಾರಿಗೂ ಹೇಳಲಿಲ್ಲ ಎಂದೆ. ಅತ್ತೆ ತಲೆ ತಗ್ಗಿಸಿ ಹುಳು ಆರಿಸುತ್ತಲೇ ಇದ್ದರು. ಮಗಳು ಆರಿಸುವುದನ್ನು ನಿಲ್ಲಿಸಿದಳು.

"ನಂಗೆ ಒದ್ದೆ ಆಗಲ್ವಲ್ಲ. ನಿಂಗಾಗಿದ್ದಕ್ಕೆ ನಾನ್ಯಾಕೆ ಹೋಗ್ಬಾರ್ದು? ನೀನು ಸುಳ್ಳು ಹೇಳಿದ್ದು, ಪನಿಶ್‌ಮೆಂಟ್ ನಂಗಾ?"

ಅವಳ ಪ್ರಶ್ನೆಯಲ್ಲಿ ನ್ಯಾಯವಿತ್ತು. ನಾನು ಕಾಯುತ್ತಿರುವುದು ಅವಳನ್ನೋ, ತಾರಸಿಯ ಮೇಲೆ ನಿಂತ ಇನ್ನೊಬ್ಬಳನ್ನೋ ಎಂದು ಈಗಲೂ ನನಗೆ ಖಚಿತವಿಲ್ಲ. ಅದನ್ನೂ ಹೇಳಿದೆ. ನಂದು ತಪ್ಪಿರಬಹುದು, ಆದರೂ ಈ ವರ್ಷ ಬೇಡ ಎಂದೆ. ಅವಳು ಚಂದ್ರಿಕೆಯನ್ನು ಕೆಳಗಿಟ್ಟಳು, ಬಿಸಾಡಲಿಲ್ಲ, ಅದರಲ್ಲಿ ಹುಳುವಿದೆಯೆಂದು ಅವಳಿಗೆ ಗೊತ್ತು. ಆಮೇಲೆ ಎದ್ದು ಹೋದಳು. ಮನೆಯ ಬಾಗಿಲು ಬಡಿದ ಸದ್ದು ಇಲ್ಲಿಯವರೆಗೆ ಕೇಳಿಸಿತು.

ಇವರು ನನಗೆ ಸರಿಯಾಗಿ ಹೇಳಿದೆ ಎನ್ನಲಿಲ್ಲ, ತಪ್ಪು ಎಂದೂ ಅನ್ನಲಿಲ್ಲ. ಅವಳ ಜಾಗಕ್ಕೆ ಸರಿದು ಕೂತು ಅವಳು ಬಿಟ್ಟ ಹುಳುಗಳನ್ನು ಆರಿಸತೊಡಗಿದರು.

ಸೋಮವಾರ ಬೆಳಿಗ್ಗೆ ಮಗಳು ನನ್ನ ಕೈಲಿ ಜಡೆ ಹಾಕಿಸಿಕೊಳ್ಳಲಿಲ್ಲ, ಅಜ್ಜಿಯ ಹತ್ತಿರ ಹೋದಳು. ಒಂದು ಜಡೆ ಮೇಲಕ್ಕೂ ಒಂದು ಕೆಳಕ್ಕೂ ಆಗಿತ್ತು. ಗೇಟಿನ ಬಳಿ ವ್ಯಾನು ನಿಂತಾಗ ಹಿಂತಿರುಗಿ, ಒಳಗಿದ್ದ ಮಕ್ಕಳಿಗೆಲ್ಲ ಕೇಳುವಂತೆ ಹೇಳಿದಳು.

"ನಿನ್ ಮೇಲೆ ಕೋಪ ಬಂದಿದೆ. ಸಂಜೆ ಬಂದ್ಮೇಲೂ ಮಾತಾಡಲ್ಲ. ನಾಳೇನೂ ಮಾತಾಡಲ್ಲ."

ಪರವಾಗಿಲ್ಲ ಕಂದ ಎನ್ನಲು ಬಾಯಿ ತೆರೆದೆ. "ನಂಗೆ ಬೇಜಾರಾಗುತ್ತೆ," ಎಂದೆ.

ಅವಳು ಒಂದು ಕ್ಷಣ ನನ್ನನ್ನು ದಿಟ್ಟಿಸಿ ನೋಡಿದಳು, ಹೊಸದಾಗಿ ಬಂದ ಟೀಚರನ್ನು ನೋಡುವ ಹಾಗೆ. "ಆಗ್ಲಿ," ಎಂದು ಹತ್ತಿ ಕೂತಳು.

ವ್ಯಾನು ತಿರುವು ದಾಟಿದ ಮೇಲೂ ನಾನು ಗೇಟಿನಲ್ಲೇ ಇದ್ದೆ. ಇವರು ಜಗಲಿಯ ಮೇಲೆ ಕೂತಿದ್ದರು. ಅಂಗಿಯ ಜೇಬು ಖಾಲಿಯಿತ್ತು. ಫಾರಂ ಏನಾಯಿತು ಎಂದು ಈ ಸಲ ಕೇಳಿದೆ. ಬೀರುವಿನಲ್ಲಿ ಇಟ್ಟಿದ್ದೇನೆ, ಕೊಡುವುದಿಲ್ಲ ಎಂದರು. ಸ್ವಲ್ಪ ಬಿಟ್ಟು ನೆಲ ನೋಡುತ್ತಾ ಅಂದರು:

"ನಂಗೂ ಇನ್ನೂ ಕೋಪ ಹೋಗಿಲ್ಲ ಕಣೇ. ಹಿತ್ತಲಲ್ಲಿ ಹೇಳಿದ್ದು ಸುಳ್ಳು ಅಂದ್ಯಲ್ಲ, ಅದು ಇಲ್ಲೇ ಕೂತಿದೆ."

"ಹೇಳಿ. ಕೇಳ್ತೀನಿ," ಎಂದು ಎದುರಿಗೆ ಕೂತೆ.

ಅವರು ಹೇಳುತ್ತಾ ಹೋದರು. ಮದುವೆಯ ಮೊದಲ ವರ್ಷದಿಂದ ಶುರು ಮಾಡಿದರು. ಬಿಸಿಲು ಅಂಗಳ ದಾಟಿ ಹೊಸಿಲಿಗೆ ಬಂತು, ಕಾಫಿ ಲೋಟದ ಮೇಲೆ ಕೆನೆ ಕಟ್ಟಿತು. ನಡುವೆ ಬಾಯಿ ಹಾಕದೆ ಕೇಳಿದೆ. ಕೆಲವು ಮಾತು ನನಗೆ ತಾಕಿದವು. ಇನ್ನು ಕೆಲವು ಸರಿಯೆನಿಸಲಿಲ್ಲ. ಸರಿಯಲ್ಲ ಎಂದೆ.